ಕಲ್ಲೂರು ಮೀನಿನಲ್ಲಿ ಯಾವುದು ಯಾರಿಗೆ? ಕೋಲಾರ, ತುಮಕೂರು, ಚಿಕ್ಕಬಳ್ಳಾಪುರದ ಅಡುಗೆಮನೆಗೆ ಒಂದು ಹೋಲಿಕೆ

ಕೆಜಿಎಫ್‌ನ ಮೀನಂಗಡಿಯಲ್ಲಿ ಕತ್ತಲೈ ಅಂತ ತೂಗಿಕೊಡುತ್ತಾರೆ. ಮುಳಬಾಗಿಲು, ಬಾಗೇಪಲ್ಲಿ ಕಡೆ ತೆಲುಗು ಮಾತಾಡುವವರು ಗೊರಕ ಎನ್ನುತ್ತಾರೆ. ತುಮಕೂರಿಗೆ ಮಂಗಳೂರಿನ ಮಾಲು ಬಂದರೆ ಅದರ ಜೊತೆಗೇ ಕಲ್ಲೂರು ಎಂಬ ಹೆಸರೂ ಬರುತ್ತದೆ. ಹೆಸರು ಮೂರಾದರೂ ತೊಂದರೆಯಿಲ್ಲ. ಗೊಂದಲ ಶುರುವಾಗುವುದು ಒಂದೇ ಹೆಸರಿನಲ್ಲಿ ಪಕ್ಕಪಕ್ಕದ ಎರಡು ತಟ್ಟೆ ಇಟ್ಟಾಗ: ಒಂದರಲ್ಲಿ ಗೇಣಿಗಿಂತ ಉದ್ದದ ಹಲ್ಲಿನ ಮೀನು, ಇನ್ನೊಂದರಲ್ಲಿ ಅದರ ಅರ್ಧದಷ್ಟಿರುವ ಮೊಂಡು ಮೂತಿಯ ಮೀನು, ದರದಲ್ಲಿ ಭಾರಿ ವ್ಯತ್ಯಾಸ. ಚಿಕ್ಕದು ದೊಡ್ಡದರ ಮರಿಯೇ? ಸಾರಿಗೆ ಯಾವುದು, ಹುರಿಯಲು ಯಾವುದು? ಮಕ್ಕಳಿಗೆ ಯಾವುದು ಕೊಡಬಹುದು?

ಇವೆಲ್ಲ ಸಯೆನಿಡೆ ಎಂಬ ಒಂದೇ ಕುಟುಂಬದ ಬೇರೆ ಬೇರೆ ಜಾತಿಗಳು. ಬದುಕುವ ನೆಲೆ, ತಿನ್ನುವ ಆಹಾರ, ಬೆಳೆಯುವ ಗಾತ್ರ ಬೇರೆಯಾದ್ದರಿಂದ ಮಾಂಸದ ಗುಣವೂ ಬೇರೆ, ಕೆಡುವ ವೇಗವೂ ಬೇರೆ. ಮೀನು ಸಮುದ್ರದಲ್ಲಿ ಹೇಗೆ ಬದುಕಿತ್ತು ಎಂದು ತಿಳಿದರೆ ಅದು ಪಾತ್ರೆಯಲ್ಲಿ ಹೇಗೆ ವರ್ತಿಸುತ್ತದೆ ಎಂಬುದು ಬಹುಪಾಲು ತಿಳಿದಂತೆ.

ಮೊದಲು ಅಳತೆಗೋಲು

ಆಯ್ಕೆಗೆ ನಾಲ್ಕು ವಿಷಯ ಸಾಕು. ಮೀನು ಐಸ್‌ನಲ್ಲಿ ಎಷ್ಟು ದಿನ ಕಳೆದಿದೆ, ಮಾಂಸ ಎಷ್ಟು ಗಟ್ಟಿ, ತಲೆ, ಹೊಟ್ಟೆ ತೆಗೆದ ಮೇಲೆ ಎಷ್ಟು ಉಳಿಯುತ್ತದೆ, ತಿನ್ನುವವರು ಯಾರು. ಇವುಗಳಲ್ಲಿ ಮೊದಲನೆಯದಕ್ಕೆ ನಮ್ಮ ಜಿಲ್ಲೆಗಳಲ್ಲಿ ಬೇರೆಲ್ಲಕ್ಕಿಂತ ಹೆಚ್ಚು ತೂಕ ಕೊಡಬೇಕು. ಮಲ್ಪೆ ಬಂದರಿನಲ್ಲೋ ಚೆನ್ನೈನ ಕಾಸಿಮೇಡಿನಲ್ಲೋ ನಿಂತು ಕೊಳ್ಳುವವರು ಜಾತಿ ನೋಡಿ ಆರಿಸಬಹುದು. ಇಲ್ಲಿ ಹಳಸಿದ ಒಳ್ಳೆ ಜಾತಿಗಿಂತ ತಾಜಾ ಸಾಧಾರಣ ಜಾತಿ ಯಾವತ್ತೂ ಮೇಲು.

ಐಸ್‌ನ ದಿನಗಳನ್ನು ಲೆಕ್ಕ ಹಾಕಲು ಕ್ಯಾಲೆಂಡರ್ ನೆರವಾಗುತ್ತದೆ. ಪೂರ್ವ ಕರಾವಳಿಯಲ್ಲಿ, ಅಂದರೆ ತಮಿಳುನಾಡು ಮತ್ತು ಆಂಧ್ರದಲ್ಲಿ, ಯಾಂತ್ರಿಕ ದೋಣಿಗಳಿಗೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ಮೀನುಗಾರಿಕೆ ನಿಷೇಧ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ. ಎರಡೂ 61 ದಿನ, ಆದರೆ ಒಂದೇ ಸಮಯಕ್ಕೆ ಬರುವುದಿಲ್ಲ. ಎರಡು ಕಡಲಿನ ನಡುವೆ ಇರುವ ನಮಗೆ ಇದು ದೊಡ್ಡ ಅನುಕೂಲ.

ಕೋಲಾರ, ಬಂಗಾರಪೇಟೆ, ಕೆಜಿಎಫ್ ಭಾಗಕ್ಕೆ ಹೆಚ್ಚಾಗಿ ಚೆನ್ನೈ ಮತ್ತು ಆಂಧ್ರದ ಮೀನು ಬರುತ್ತದೆ. ತುಮಕೂರಿಗೆ ಚಾರ್ಮಾಡಿ, ಬೇಲೂರು, ಅರಸೀಕೆರೆ, ತಿಪಟೂರು ದಾರಿಯಾಗಿ ಮಂಗಳೂರಿನ ಕಡಲು ಸಮೀಪ. ಚಿಕ್ಕಬಳ್ಳಾಪುರಕ್ಕೆ ಬೆಂಗಳೂರಿನ ಸಗಟು ಮಾರುಕಟ್ಟೆಯಿಂದ ಎರಡೂ ಬೆರೆತು ಬರುತ್ತದೆ. ಹಾಗಾಗಿ ಏಪ್ರಿಲ್ 15ರಿಂದ ಮೇ ಕೊನೆಯವರೆಗೆ ಕೋಲಾರದವರೂ ಪಶ್ಚಿಮ ಕರಾವಳಿಯ ಮಾಲನ್ನೇ ಕೇಳಬೇಕು. ಆಗ ಚೆನ್ನೈ ಕಲ್ಲೂರು ಎಂದು ರಾಶಿ ರಾಶಿ ಸಿಕ್ಕರೆ ಅದರಲ್ಲಿ ಬಹುಪಾಲು ಫ್ರೀಜರ್‌ನಿಂದ ಬಂದದ್ದಿರಬಹುದು. ಜೂನ್ 15ರಿಂದ ಜುಲೈ ಕೊನೆಯವರೆಗೆ ತುಮಕೂರಿನವರು ಪೂರ್ವದ ಮಾಲು ಕೇಳಬೇಕು. ಜೂನ್ 1ರಿಂದ 14ರವರೆಗೆ ಎರಡೂ ಕಡೆ ಟ್ರಾಲರ್‌ಗಳು ದಡದಲ್ಲಿರುತ್ತವೆ. ಸಾಂಪ್ರದಾಯಿಕ ನಾಡದೋಣಿಗಳಿಗೆ ಬೀಳುವ ಅಲ್ಪ ಮೀನು ಘಟ್ಟ ಹತ್ತಿ ಇಲ್ಲಿಗೆ ಬರುವುದು ಅಪರೂಪ. ಆ ಎರಡು ವಾರ ಕಲ್ಲೂರಿನ ಆಸೆ ಬಿಟ್ಟು ಕೆರೆ ಮೀನನ್ನೋ ಒಣಮೀನನ್ನೋ ತರುವುದು ಜಾಣತನ.

ನಿಷೇಧವಿಲ್ಲದ ತಿಂಗಳಲ್ಲೂ ಒಂದು ಎಚ್ಚರ ಬೇಕು. ದೊಡ್ಡ ಟ್ರಾಲರ್‌ಗಳು ವಾರ, ಹತ್ತು ದಿನ ಕಡಲಲ್ಲೇ ಇದ್ದು ಮರಳುತ್ತವೆ. ಮೊದಲ ದಿನ ಬಲೆಗೆ ಬಿದ್ದ ಮೀನು ಪೆಟ್ಟಿಗೆಯ ತಳದಲ್ಲಿ ಮೇಲಿನ ಭಾರ ಹೊತ್ತು ಕೂತಿರುತ್ತದೆ. ಅದಕ್ಕೇ 'ಇವತ್ತು ಬೆಳಿಗ್ಗೆ ಬಂತು' ಎಂಬ ಮಾತು ಲಾರಿಯ ಬಗ್ಗೆ ಹೇಳುತ್ತದೆಯೇ ಹೊರತು ಮೀನಿನ ವಯಸ್ಸನ್ನು ಹೇಳುವುದಿಲ್ಲ. ಕಿವಿರು ಎತ್ತಿ ನೋಡಿ: ಕೆಂಪು ಇರಬೇಕು, ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿರಬಾರದು. ಹೊಟ್ಟೆ ಒತ್ತಿ: ಬೆರಳಿನ ಗುಳಿ ತುಂಬಿಕೊಳ್ಳಬೇಕು. ಕಲ್ಲೂರಿನ ದೇಹದಲ್ಲಿ ಮೊದಲು ಸೋಲುವುದು ಹೊಟ್ಟೆಯೇ. ಸಿಗಡಿ, ಸಣ್ಣ ಮೀನುಗಳನ್ನು ಅರಗಿಸುವ ರಸ ಮೀನು ಸತ್ತ ಮೇಲೆ ಹೊಟ್ಟೆಯ ಗೋಡೆಯನ್ನೇ ಕರಗಿಸತೊಡಗುತ್ತದೆ. ಹೊಟ್ಟೆ ಒಡೆದು ಪಕ್ಕೆಲುಬು ಹೊರಗೆ ಇಣುಕುತ್ತಿದ್ದರೆ ಎಷ್ಟೇ ಅಗ್ಗವಾದರೂ ಬೇಡ.

ಬಾಯಿಯೊಳಗಿಂದ ಚೀಲದಂಥದ್ದೇನೋ ಹೊರಗೆ ತಳ್ಳಿಕೊಂಡಿದ್ದರೆ ಮಾತ್ರ ಹೆದರಬೇಕಿಲ್ಲ. ಆಳದಿಂದ ಬಲೆ ಥಟ್ಟನೆ ಮೇಲೆ ಬಂದಾಗ ಒತ್ತಡ ತಗ್ಗಿ ಗಾಳಿಚೀಲ ಉಬ್ಬುತ್ತದೆ, ಅದು ಜಠರವನ್ನು ಬಾಯಿಗೆ ದೂಡುತ್ತದೆ. ಅದು ಕೊಳೆತದ ಗುರುತಲ್ಲ. ಕಿವಿರು ಚೆನ್ನಾಗಿದ್ದರೆ ಧೈರ್ಯವಾಗಿ ಕೊಳ್ಳಿ.

ಇದು ಕಲ್ಲೂರು ಹೌದೇ?

ಕಲ್ಲೂರಿನ ಮೈಯ ಪಕ್ಕದಲ್ಲಿ ಉದ್ದಕ್ಕೆ ಓಡುವ ಗೆರೆ ಬಾಲದ ಬುಡದಲ್ಲಿ ನಿಲ್ಲದೆ ಬಾಲದ ತುದಿಯವರೆಗೂ ಹೋಗುತ್ತದೆ. ಬೆನ್ನಿನ ರೆಕ್ಕೆಯ ಮುಳ್ಳಿನ ಭಾಗಕ್ಕೂ ಮೆತ್ತಗಿನ ಭಾಗಕ್ಕೂ ನಡುವೆ ಆಳವಾದ ತಗ್ಗಿರುತ್ತದೆ. ಆದರೆ ಪಂಡುಗಪ್ಪ ಎಂದು ಮಾರುವ ಸೀಬಾಸ್‌ಗೂ ಗೆರೆ ಬಾಲದೊಳಕ್ಕೆ ಹರಿಯುತ್ತದೆ. ಇವೆರಡನ್ನು ಬೇರ್ಪಡಿಸಲು ಗುದದ್ವಾರದ ಹಿಂದಿನ ರೆಕ್ಕೆ ಬಿಡಿಸಿ ಮುಳ್ಳು ಎಣಿಸಿ. ಕಲ್ಲೂರಿಗೆ ಎರಡು, ಸೀಬಾಸ್‌ಗೆ ಮೂರು. ಸೀಬಾಸ್ ಒಳ್ಳೆಯ ಮೀನೇ, ಆದರೆ ಸಾಕಣೆಯಿಂದಲೂ ಬರುವ ಅದರ ದರ ಬೇರೆ, ಮಾಂಸದ ಗುಣ ಬೇರೆ.

ಇನ್ನೊಂದು ಗುರುತು ತಲೆಯೊಳಗೆ ಇದೆ. ಕಿವಿಯ ಭಾಗದಲ್ಲಿ ಎರಡು ಬಿಳಿ ಕಲ್ಲುಗಳು ಸಿಗುತ್ತವೆ. ಎಲ್ಲ ಎಲುಬು ಮೀನಿಗೂ ಇಂಥವು ಇರುತ್ತವಾದರೂ ಈ ಕುಟುಂಬದಲ್ಲಿ ಅವು ಎದ್ದು ಕಾಣುವಷ್ಟು ದೊಡ್ಡವು; ಒಂದಡಿ ಮೀನಿನಲ್ಲಿ ಸುಮಾರು ಒಂದು ಸೆಂಟಿಮೀಟರ್. ಸಮತೋಲನಕ್ಕೂ ಕೇಳುವುದಕ್ಕೂ ಬೇಕಾದ ಅಂಗ ಅದು, ಅದರ ಉಂಗುರಗಳನ್ನು ಎಣಿಸಿ ವಿಜ್ಞಾನಿಗಳು ಮೀನಿನ ವಯಸ್ಸು ಹೇಳುತ್ತಾರೆ. ಕೇಳುವುದು ಈ ಮೀನಿಗೆ ಮುಖ್ಯ, ಯಾಕೆಂದರೆ ಇದು ಸದ್ದು ಮಾಡುವ ಮೀನು. ಗಾಳಿಚೀಲಕ್ಕೆ ಅಂಟಿದ ವಿಶೇಷ ಸ್ನಾಯುಗಳನ್ನು ಬಹು ವೇಗವಾಗಿ ಬಿಗಿದು ಸಡಿಲಿಸಿ ಡೋಲಿನಂಥ ಗುಟುರು ಹೊರಡಿಸುತ್ತದೆ, ಮೊಟ್ಟೆಯಿಡುವ ಕಾಲದಲ್ಲಿ ಹೆಚ್ಚು. ಮಲೇಷ್ಯಾದಲ್ಲಿ ನೀರಿಗೆ ತಲೆ ಮುಳುಗಿಸಿ ಈ ಸದ್ದು ಕೇಳಿಯೇ ಹಿಂಡು ಎಲ್ಲಿದೆಯೆಂದು ಹೇಳುವ ನುರಿತ ಬೆಸ್ತರಿದ್ದರು. ಇಷ್ಟು ಸೊಗಸಾದ ಪ್ರಾಣಿ ಇದು. ಅಡುಗೆಮನೆಗೆ ಸಂಬಂಧಿಸಿದ ಮಾತು ಮಾತ್ರ ಒಂದೇ: ತಲೆ ಸಾರಿಗೆ ಹಾಕುವುದಾದರೆ ಆ ಕಲ್ಲು ಕರಗುವುದಿಲ್ಲ, ಹಲ್ಲಿಗೆ ಸಿಕ್ಕರೆ ಹಲ್ಲು ಮುರಿಯಬಹುದು. ಮಕ್ಕಳಿಗೂ ವಯಸ್ಸಾದವರಿಗೂ ತಲೆ ಬಡಿಸಬೇಡಿ.

ಹಲ್ಲಿನ ಕಲ್ಲೂರು

ಬಾಯಿ ತೆರೆದರೆ ಮುಂದೆ ಚೂಪಾದ ಕೋರೆಹಲ್ಲು ಕಾಣುವ, ಉದ್ದನೆಯ ಬೆಳ್ಳಿ ಮೈಯ ಮೀನು ಇದು. ಓಟೊಲಿಥಿಸ್ ರೂಬರ್ ಮತ್ತು ಅದಕ್ಕಿಂತ ಚಿಕ್ಕದಾಗಿ ಬೆಳೆಯುವ ಓಟೊಲಿಥಿಸ್ ಕುವಿಯೆರಿ ಎರಡೂ ಇದೇ ಹೆಸರಿನಲ್ಲಿ ಬರುತ್ತವೆ. ಅಡುಗೆಯ ಲೆಕ್ಕದಲ್ಲಿ ಅವುಗಳ ನಡುವೆ ಹೇಳಿಕೊಳ್ಳುವಂಥ ಭೇದವಿಲ್ಲ. ಬಾಯಿ ಮುಂದಕ್ಕೆ, ಓರೆಯಾಗಿ ತೆರೆದುಕೊಳ್ಳುತ್ತದೆ. ಅಂದರೆ ತಳಕ್ಕೆ ತುಸು ಮೇಲೆ ಈಜುತ್ತಾ ಸಿಗಡಿಯನ್ನೂ ಸಣ್ಣ ಮೀನನ್ನೂ ಅಟ್ಟಿ ಹಿಡಿಯುವ ಬೇಟೆಗಾರ. ಈಜಿ ಬದುಕುವ ಮೀನಾದ್ದರಿಂದ ಕಲ್ಲೂರುಗಳ ಪೈಕಿ ಇದರ ಮಾಂಸಕ್ಕೆ ಕಟ್ಟು ಹೆಚ್ಚು, ಕೆಸರಿನ ವಾಸನೆ ಕಡಿಮೆ.

ಮುದ್ದೆ ಜೊತೆಗೆ ಸಾರು ಮಾಡುವವರಿಗೆ ಇದೇ ಮೊದಲ ಆಯ್ಕೆ. ಒಂದಡಿ ಮೀನು 250ರಿಂದ 300 ಗ್ರಾಂ ತೂಗುತ್ತದೆ, ಕೆಜಿಗೆ ಮೂರು ನಾಲ್ಕು ಬರುತ್ತವೆ. ಆ ಗಾತ್ರವೇ ಸರಿ. ಕೆಜಿಗೆ ಹತ್ತಕ್ಕಿಂತ ಹೆಚ್ಚು ಬರುವ ಹಲ್ಲಿನ ಕಲ್ಲೂರು ಇನ್ನೂ ಎಳೆಯದು. ಅದರಲ್ಲಿ ಮಾಂಸವೂ ಇಲ್ಲ, ಒಮ್ಮೆಯೂ ಮೊಟ್ಟೆಯಿಡುವ ಮುನ್ನ ಹಿಡಿದರೆ ಮುಂದಿನ ವರ್ಷಗಳ ಮೀನೂ ಇಲ್ಲ. ಕೊಳ್ಳುವವರು ಬೇಡ ಅಂದರೆ ತರುವವರು ಕಡಿಮೆಯಾಗುತ್ತಾರೆ ಎಂಬ ನಂಬಿಕೆಯಿಂದ ಹೇಳುತ್ತಿರುವುದು: ಎಳೆಯದನ್ನು ಬಿಡಿ.

ಕಟ್ಲ, ರೋಹು ಅಭ್ಯಾಸವಾದ ಕೈಗೆ ಈ ಮೀನಿನಲ್ಲಿ ಒಂದೇ ಕಷ್ಟ. ಮಾಂಸ ತೇವ ಹೆಚ್ಚಿರುವ, ಪದರು ಬಿಡುವ ಬಿಳಿ ಮಾಂಸ. ಕೆರೆ ಮೀನಿನಂತೆ ಮೊದಲೇ ಹಾಕಿ ಕುದಿಸಿದರೆ ಮುಳ್ಳು ಒಂದು ಕಡೆ, ಮಾಂಸ ಒಂದು ಕಡೆ. ಹೀಗೆ ಮಾಡಿ: ಒಂದು ಅಂಗುಲ ದಪ್ಪ, ಅಂದರೆ ಎರಡೂವರೆ ಸೆಂಟಿಮೀಟರ್ ತುಂಡು ಹಾಕಿಸಿ. ಒಂದು ಕೆಜಿ ತುಂಡಿಗೆ ಎರಡು ಚಮಚ ಉಪ್ಪು, ಅರ್ಧ ಚಮಚ ಅರಿಶಿನ ಸವರಿ ಇಪ್ಪತ್ತು ನಿಮಿಷ ಜರಡಿಯಲ್ಲಿಡಿ. ನೀರು ಇಳಿದು ಮಾಂಸ ಬಿಗಿಯಾಗುತ್ತದೆ. ಆ ನೀರು ಚೆಲ್ಲಿ, ತುಂಡುಗಳನ್ನು ಒಮ್ಮೆ ತೊಳೆದುಕೊಳ್ಳಿ. ಹುಣಸೆ, ಟೊಮೆಟೊ, ಮಸಾಲೆ ಎಲ್ಲ ಸೇರಿ ಹತ್ತು ಹನ್ನೆರಡು ನಿಮಿಷ ಕುದ್ದು ಹಸಿ ವಾಸನೆ ಹೋದ ಮೇಲೆಯೇ ಮೀನು ಇಳಿಬಿಡಿ. ಉರಿ ತಗ್ಗಿಸಿ ಆರರಿಂದ ಎಂಟು ನಿಮಿಷ ಸಾಕು. ಸೌಟು ಹಾಕಬೇಡಿ, ಪಾತ್ರೆಯ ಕಿವಿ ಹಿಡಿದು ತಿರುಗಿಸಿ. ಇಳಿಸಿದ ಅರ್ಧ ಗಂಟೆಯ ನಂತರ ಬಡಿಸಿದರೆ ಹುಳಿ ಒಳಗಿಳಿದಿರುತ್ತದೆ. ಏಪ್ರಿಲ್, ಮೇನಲ್ಲಿ ಶ್ರೀನಿವಾಸಪುರದ ಮಾವಿನಕಾಯಿ ಕೈಗೆ ಸಿಗುವ ಹೊತ್ತಿಗೇ ಪಶ್ಚಿಮದ ಕಲ್ಲೂರೂ ಬರುತ್ತಿರುತ್ತದೆ. ಹುಣಸೆಯನ್ನು ಅರ್ಧಕ್ಕಿಳಿಸಿ ಮಾವಿನಕಾಯಿ ಹೋಳು ಹಾಕಿದರೆ ಈ ಮೀನಿನ ಸೌಮ್ಯ ರುಚಿಗೆ ಅದಕ್ಕಿಂತ ಒಳ್ಳೆ ಜೊತೆ ಇಲ್ಲ.

ಮಕ್ಕಳ ತಟ್ಟೆಗೂ ಇದು ಒಳ್ಳೆಯದು. ಕಟ್ಲ, ರೋಹು ಮಾಂಸದೊಳಗೆ ಇಬ್ಭಾಗವಾದ ಸಣ್ಣ ಮುಳ್ಳುಗಳು ಹುದುಗಿರುತ್ತವೆ. ಕಲ್ಲೂರಿನಲ್ಲಿ ಅವು ಇಲ್ಲ. ನಡುಮುಳ್ಳು, ಪಕ್ಕೆಲುಬು ಬಿಡಿಸಿದರೆ ಮಾಂಸ ಶುದ್ಧ.

ಸಣ್ಣ ಕಲ್ಲೂರು

ಅಗ್ಗದ ತಟ್ಟೆಯಲ್ಲಿರುವ ಮೊಂಡು ಮೂತಿಯವು ಜಾನಿಯಸ್ ಎಂಬ ಗುಂಪಿನವು. ದೊಡ್ಡದರ ಮರಿಗಳಲ್ಲ, ಬಹುಪಾಲು ಇಷ್ಟೇ ಬೆಳೆಯುವ ಜಾತಿಗಳು. ಹದಿನೈದು ಸೆಂಟಿಮೀಟರ್ ಉದ್ದದವು ಕೆಜಿಗೆ 20ರಿಂದ 25 ಬರುತ್ತವೆ. ಮೂತಿ ಮುಂದಕ್ಕೆ ಚಾಚಿ ಬಾಯಿ ಕೆಳಗೆ ಸೇರಿಕೊಂಡಿರುತ್ತದೆ, ಕೋರೆಹಲ್ಲು ಇಲ್ಲ. ಕೆಸರು ತಳದಲ್ಲಿ ಹುಳು, ಸಣ್ಣ ಸಿಗಡಿ ಹೆಕ್ಕಿ ತಿನ್ನುವುದಕ್ಕೆ ತಕ್ಕ ಬಾಯಿ ಅದು.

ತಳ ಕೆದಕಿ ತಿನ್ನುವುದರಿಂದ ಕರುಳಲ್ಲಿ ಮಣ್ಣಿರುತ್ತದೆ, ಅಲ್ಲಿಂದಲೇ ಕೆಡುವುದು ಶುರು. ಹಲ್ಲಿನ ಕಲ್ಲೂರು ಮನೆಯ ಫ್ರಿಜ್‌ನಲ್ಲಿ ಒಂದು ರಾತ್ರಿ ತಾಳಿದರೂ ಇದನ್ನು ತಂದ ದಿನವೇ ಹೊಟ್ಟೆ ತೆಗೆದು, ಒಳಗಿನ ಕಪ್ಪು ಪೊರೆ, ಬೆನ್ನೆಲುಬಿನ ಕೆಳಗಿನ ರಕ್ತದ ಗೆರೆ ಉಜ್ಜಿ ತೊಳೆಯಬೇಕು. ಉಳಿದ ಕಹಿಗೂ ಮಣ್ಣಿನ ವಾಸನೆಗೂ ಆ ಗೆರೆಯೇ ಹೆಚ್ಚಿನ ಪಾಲು ಕಾರಣ.

ದರದ ಲೆಕ್ಕವನ್ನು ಪೂರ್ತಿ ಹಾಕಿ ನೋಡಿ. ಹಲ್ಲಿನ ಕಲ್ಲೂರು ಕೆಜಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿ, ಸಣ್ಣದು 200. ಮೊದಲನೆಯದರಲ್ಲಿ ತಲೆ, ಹೊಟ್ಟೆ ಹೋಗಿ 600 ಗ್ರಾಂ ಉಳಿದರೆ ತಿನ್ನುವ ಭಾಗಕ್ಕೆ ಕೆಜಿಗೆ 500 ರೂಪಾಯಿ ಬಿದ್ದಂತೆ. ಎರಡನೆಯದರಲ್ಲಿ 450 ಗ್ರಾಂ ಉಳಿದರೆ 444 ರೂಪಾಯಿ. ತಟ್ಟೆಯಲ್ಲಿ ಕಂಡ ನೂರು ರೂಪಾಯಿ ಅಂತರ ಮನೆಗೆ ಬರುವಾಗ ಅಷ್ಟು ಉಳಿಯುವುದಿಲ್ಲ, ಜೊತೆಗೆ ಇಪ್ಪತ್ತು ಮೀನು ಸ್ವಚ್ಛ ಮಾಡುವ ಒಂದು ಗಂಟೆಯ ಕೆಲಸ. ಆದರೆ ತಲೆಯನ್ನು ಬಿಡದೆ, ಕಿವಿರು ಮಾತ್ರ ಕಿತ್ತು ಗರಿಗರಿಯಾಗಿ ಹುರಿದು, ಒಳಗಿನ ಕಲ್ಲು ತೆಗೆದು ತಿನ್ನುವ ಮನೆಗೆ ಸಣ್ಣದೇ ಲಾಭ. ಎರಡೂ ಬದಿ ಗೀರು ಹಾಕಿ, ಖಾರ ಸವರಿ, ಅಕ್ಕಿಹಿಟ್ಟು ಅಥವಾ ಸಣ್ಣ ರವೆಯಲ್ಲಿ ಹೊರಳಿಸಿ, ಕಾದ ಎಣ್ಣೆಯಲ್ಲಿ ಒಂದೊಂದು ಬದಿ ನಾಲ್ಕು ನಿಮಿಷ. ಮೊದಲ ಬದಿ ಗಟ್ಟಿಯಾಗುವವರೆಗೆ ಮುಟ್ಟಬಾರದು; ಬೇಗ ತಿರುಗಿಸಿದರೆ ಸಿಪ್ಪೆ ತವಾಕ್ಕೆ ಅಂಟಿಕೊಳ್ಳುತ್ತದೆ. ಸಾರಿಗೆ ಇದನ್ನು ಹಾಕಬೇಡಿ, ಒಡೆದು ಮುಳ್ಳೆಲ್ಲ ತಳದಲ್ಲಿ ಸೇರುತ್ತದೆ, ಮುದ್ದೆ ಮುರಿದು ನುಂಗುವವರಿಗೆ ಅಪಾಯ.

ಪಟ್ಟೆಯದು, ದೊಡ್ಡ ಕಣ್ಣಿನದು

ಚೆನ್ನೈ ಮಾಲಿನಲ್ಲಿ ಬೆನ್ನಿನಿಂದ ಇಳಿಯುವ ಅಗಲ ಕಪ್ಪು ಪಟ್ಟೆಗಳಿರುವ ಮೀನು ಕಂಡರೆ ಅದು ನಿಬಿಯಾ ಮ್ಯಾಕುಲಾಟ. ಹೆಚ್ಚೆಂದರೆ ಒಂದಡಿ ಬೆಳೆಯುವ, ತೀರದ ಆಳವಿಲ್ಲದ ನೀರಿನ ಮೀನು. ಗುಣದಲ್ಲಿ ಎರಡರ ನಡುವಿನದು: ಸಾರಿಗೂ ಆಗುತ್ತದೆ, ಹುರಿಯಲೂ ಆಗುತ್ತದೆ. ಹಲ್ಲಿನದಕ್ಕಿಂತ ದರ ಇಳಿದಿದ್ದು, ಕಿವಿರು ಅದಕ್ಕಿಂತ ಕೆಂಪಗಿದ್ದರೆ ಯೋಚಿಸದೆ ಇದನ್ನೇ ತನ್ನಿ. ಪೆನ್ನಾಹಿಯಾ ಎಂಬ ದೊಡ್ಡ ಕಣ್ಣಿನ ಬೂದು ಕಲ್ಲೂರು ಇನ್ನೂ ಮೆತ್ತಗೆ. ಮುಳ್ಳು ಬಿಡಿಸಿ ಪುಟ್ಟು (ಉದುರು ಉದುರಾದ ಮೀನಿನ ಪಲ್ಯ), ಕಟ್ಲೆಟ್ ಮಾಡುವವರಿಗೆ ಸರಿ, ಬೇರೆಯವರಿಗೆ ಬೇಡ.

ಘೋಲ್

ಬೆಂಗಳೂರಿನ ದೊಡ್ಡ ಅಂಗಡಿಗಳಿಂದಲೋ ಆನ್‌ಲೈನ್‌ನಲ್ಲೋ ತುಂಡಾಗಿ ಬರುವ ಘೋಲ್, ಅಂದರೆ ಪ್ರೊಟೊನಿಬಿಯಾ ಡಯಕಾಂತಸ್, ಇದೇ ಕುಟುಂಬದ ದೈತ್ಯ. ಒಂದು ಮೀಟರ್ ದಾಟಿ ಬೆಳೆಯುತ್ತದೆ, ಬೆನ್ನ ಮೇಲೆ ಕರಿ ಚುಕ್ಕೆ. 2023ರಲ್ಲಿ ಗುಜರಾತ್ ಇದನ್ನು ತನ್ನ ರಾಜ್ಯ ಮೀನೆಂದು ಘೋಷಿಸಿತು. ಇದರ ಗಾಳಿಚೀಲವನ್ನು ಒಣಗಿಸಿ ಚೀನಾ, ಹಾಂಗ್‌ಕಾಂಗ್ ಕಡೆಗೆ ಕಳಿಸುತ್ತಾರೆ, ಮೀನಿನ ಬೆಲೆಯ ದೊಡ್ಡ ಭಾಗ ಇರುವುದು ಆ ಚೀಲದಲ್ಲಿ. ನಮ್ಮ ಕೈಗೆ ಬರುವ ತುಂಡಿನಲ್ಲಿ ಅದು ಇರುವುದಿಲ್ಲ. ಹಾಗಾದ ಮೇಲೆ 'ಘೋಲ್' ಎಂಬ ಹೆಸರಿಗೆ ಚಿನ್ನದ ದರ ಕೊಡಲು ಕಾರಣವೇ ಇಲ್ಲ. ಮಾಂಸ ಗಟ್ಟಿ, ತುಂಡು ದಪ್ಪ, ಮುಳ್ಳು ಇಲ್ಲವೆಂಬಷ್ಟು ಕಡಿಮೆ. ಗ್ರಿಲ್‌ಗೆ, ಬಿರಿಯಾನಿಗೆ ಚೆನ್ನ. ಆದರೆ ಸಿಪ್ಪೆ ಬಿಡಿಸಿದ ಬಿಳಿ ತುಂಡಿನಲ್ಲಿ ಜಾತಿ ಗುರುತಿಸುವುದು ಕಷ್ಟ, ಆದ್ದರಿಂದ ಸಿಪ್ಪೆಯಿರುವ ತುಂಡನ್ನೇ ಕೇಳಿ.

ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಇದಕ್ಕಿಂತ ಒಂದಡಿಯ ಕಲ್ಲೂರೇ ಒಳ್ಳೆಯದು. ಬಹು ವರ್ಷ ಬದುಕಿ ಬೇರೆ ಮೀನು ತಿಂದು ಬೆಳೆದ ದೊಡ್ಡ ಬೇಟೆ ಮೀನಿನ ದೇಹದಲ್ಲಿ ಪಾದರಸ ಹೆಚ್ಚು ಸೇರಿರುತ್ತದೆ. ಇನ್ನೊಂದು ಮಾತು: ಘೋಲ್ ಮೊಟ್ಟೆಯಿಡಲು ಹಿಂಡುಗೂಡುತ್ತದೆ, ಆಗ ಹಿಂಡಿಗೆ ಹಿಂಡೇ ಬಲೆಗೆ ಬೀಳುತ್ತದೆ. ವರ್ಷಕ್ಕೊಮ್ಮೆ ವಿಶೇಷಕ್ಕೆ ತರುವುದು ಬೇರೆ, ವಾರದ ಮೀನಾಗಿ ಮಾಡಿಕೊಳ್ಳುವುದು ಬೇರೆ.

ಒಣ ಕಲ್ಲೂರು

ಚಿಂತಾಮಣಿ, ಪಾವಗಡ, ಶಿರಾ ಕಡೆಯ ಹಳ್ಳಿಗಳಲ್ಲಿ ಐಸ್ ಮೀನು ಬಿಸಿಲಲ್ಲಿ ಬೈಕಿನ ಹಿಂದೆ ಬರುವುದಕ್ಕಿಂತ ಒಣಮೀನು ಎಷ್ಟೋ ಸುರಕ್ಷಿತ. ಕಲ್ಲೂರಿನಲ್ಲಿ ಕೊಬ್ಬು ಕಡಿಮೆ, ಹಾಗಾಗಿ ಬೂತಾಯಿ (ಮತ್ತಿ) ಮೀನಿನಂತೆ ಬೇಗ ಕಮಟುವುದಿಲ್ಲ, ಒಣಗಿಸಲು ತಕ್ಕ ಮೀನು. ಕೊಳ್ಳುವಾಗ ಬಿಳಿ ಅಥವಾ ತೆಳು ಹಳದಿ ಇರಬೇಕು. ನಸುಗೆಂಪು ಮಚ್ಚೆ ಕಂಡರೆ ಉಪ್ಪಿನಲ್ಲೇ ಬೆಳೆಯುವ ಸೂಕ್ಷ್ಮಜೀವಿ ಹತ್ತಿದೆ ಎಂದರ್ಥ. ತೊಳೆದರೆ ಬಣ್ಣ ಹೋಗಬಹುದು, ಕೆಟ್ಟದ್ದು ಸರಿಹೋಗುವುದಿಲ್ಲ. ಬಗ್ಗಿಸಿದರೆ ತೇವವಾಗಿ ಮಡಚಿಕೊಳ್ಳುವುದು ಸರಿಯಾಗಿ ಒಣಗಿಲ್ಲ, ಮನೆಯಲ್ಲಿ ಬೂಸ್ಟು ಹಿಡಿಯುತ್ತದೆ. ಕಾಲು ಕೆಜಿಗೆ ನಾಲ್ಕು ಜನರ ಸಾರು ಆಗುತ್ತದೆ. ಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಸಿ, ನಡುವೆ ಎರಡು ಸಲ ನೀರು ಬದಲಿಸಿ, ಬದನೆಕಾಯಿ ಮುಕ್ಕಾಲು ಬೆಂದ ಮೇಲೆ ಹಾಕಿ. ಉಪ್ಪು ಕೊನೆಯಲ್ಲಿ ರುಚಿ ನೋಡಿಯೇ. ರಕ್ತದೊತ್ತಡ ಇರುವವರ ಮನೆಗೆ ಈ ಆಯ್ಕೆ ಬೇಡ.

ತರುವುದು, ಇಡುವುದು, ಎಷ್ಟು ಬೇಕು

ಕೋಲಾರದಿಂದ ಅರ್ಧ ಗಂಟೆಗಿಂತ ದೂರ ಒಯ್ಯುವುದಿದ್ದರೆ ಒಂದು ಕೆಜಿ ಮೀನಿಗೆ ಒಂದು ಕೆಜಿ ಪುಡಿ ಐಸ್ ಬೇಕು, ಅದು ಮೀನಿನ ಕೆಳಗೂ ಮೇಲೂ ಇರಬೇಕು. ಕರಗಿದ ನೀರು ಹೊರಹೋಗಲು ಡಬ್ಬಿಯ ತಳದಲ್ಲಿ ತೂತಿರಲಿ, ಆ ನೀರಲ್ಲಿ ಮುಳುಗಿದ ಮೀನು ಬೇಗ ಮೆತ್ತಗಾಗುತ್ತದೆ. ಫ್ರೀಜರ್ ಮೀನಾದರೆ ರಾತ್ರಿ ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟು ಕರಗಿಸಿ. ಬಿಸಿನೀರಿಗೆ ಹಾಕಿದರೆ ಕಲ್ಲೂರು ಪದರು ಪದರಾಗಿ ಬಿಚ್ಚಿಕೊಳ್ಳುತ್ತದೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ಅಂಗಡಿಯ ಪ್ಯಾಕೆಟ್‌ನ ಮೂಲೆಯಲ್ಲಿ ನೀರು ನಿಂತು ಗಡ್ಡೆಕಟ್ಟಿದ್ದರೆ ಅಲ್ಲಿ ಯಾರೋ ಆಗಲೇ ಹಾಗೆ ಮಾಡಿದ್ದಾರೆ.

ಬೀಗರೂಟಕ್ಕೋ ಊರ ಹಬ್ಬದ ಮಾರನೆಯ ದಿನಕ್ಕೋ ಹೆಚ್ಚು ಜನರಿಗೆ ಮಾಡುವುದಿದ್ದರೆ ಸಾರಿಗೆ ಒಬ್ಬೊಬ್ಬರಿಗೆ 150 ಗ್ರಾಂ ಸ್ವಚ್ಛ ಮಾಡಿದ ಮೀನು ಹಿಡಿಯಿರಿ. ಇಪ್ಪತ್ತು ಜನಕ್ಕೆ ಮೂರು ಕೆಜಿ, ಅಂದರೆ ಇಡೀ ಮೀನಿನ ಲೆಕ್ಕದಲ್ಲಿ ಐದು ಕೆಜಿ ಹಲ್ಲಿನ ಕಲ್ಲೂರು. ಎರಡು ದಿನ ಮುಂಚೆ ಅಂಗಡಿಯವರಿಗೆ ಗಾತ್ರ ಹೇಳಿಬಿಡಿ: ಕೆಜಿಗೆ ನಾಲ್ಕು, ಯಾವ ಕರಾವಳಿಯದೂ ಆಗಬಹುದು, ಫ್ರೀಜರ್‌ನದು ಬೇಡ. ಅವರು ಅಷ್ಟು ಸಿಗುವುದಿಲ್ಲ ಎಂದರೆ ಅರ್ಧ ಪಟ್ಟೆ ಕಲ್ಲೂರು ಬೆರೆಸಲು ಒಪ್ಪಿಕೊಳ್ಳಿ. ಎರಡೂ ಒಂದೇ ಹೊತ್ತಿಗೆ ಬೇಯುತ್ತವೆ.